ಇಪ್ಪತ್ತು ರೋಮನ್ ಕಾಸುಗಳ ಪೊಟ್ಟಣ: ಬೆನ್ನು ಓದುವ ತಾಳ್ಮೆ ಇದ್ದವರು ಕೊಳ್ಳಬಹುದು

‘ತೊಳೆಯದ ಪ್ರಾಚೀನ ರೋಮನ್ ಕಂಚಿನ ನಾಣ್ಯಗಳು, 20’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪೊಟ್ಟಣವೊಂದನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ಅಂಚೆಯಲ್ಲಿ ತರಿಸಿಕೊಂಡೆ. ಅಂಚೆ ವೆಚ್ಚ ಸೇರಿ 3,600 ರೂಪಾಯಿ ಆಯಿತು. ತಲಾ ನೂರ ಎಂಬತ್ತು ರೂಪಾಯಿಗೆ ಸಾವಿರದ ಆರುನೂರು, ಏಳುನೂರು ವರ್ಷ ಹಳೆಯ ನಾಣ್ಯ ಸಿಗುವುದೆಂದರೆ ಅಗ್ಗವೇ. ಅಗ್ಗಕ್ಕೆ ಕಾರಣವೂ ಇದೆ. 4ನೇ ಶತಮಾನದಲ್ಲಿ ರೋಮನ್ ಸಾಮ್ರಾಜ್ಯ ಈ ಸಣ್ಣ ಕಂಚನ್ನು ಫ್ರಾನ್ಸಿನ ಲಿಯಾನ್‌ನಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯದವರೆಗೆ ಹತ್ತಕ್ಕೂ ಹೆಚ್ಚು ಟಂಕಸಾಲೆಗಳಲ್ಲಿ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿಸಿತು. ಹಾಗಾಗಿ ಜಾಹೀರಾತಿನಲ್ಲಿರುವ ‘ಅಪರೂಪದ ನಿಧಿ’ ಎಂಬ ಮಾತನ್ನು ಮೊದಲೇ ಬದಿಗಿಟ್ಟುಬಿಡಿ. ‘ಅದೃಷ್ಟವಿದ್ದರೆ ಚಿನ್ನವೂ ಇರಬಹುದು’ ಎಂಬ ಮಾತಿಗಂತೂ ನಗಬೇಕು. ಮಾರುವವನು ಕೈಯಾಡಿಸಿ ನೋಡದೆ ಪೊಟ್ಟಣ ಕಟ್ಟುವುದಿಲ್ಲ.

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಕೀಲಿ ಕೊಡುವ ಎಚ್‌ಎಂಟಿ ಗಡಿಯಾರಗಳು ಈಗಲೂ ಬರುತ್ತವೆ, ಆದರೆ ಬೆಳಗಿನಿಂದ ಸಂಜೆಯವರೆಗೆ ಕೆಲಸ ತುಂಬುವಷ್ಟು ಬರುವುದಿಲ್ಲ. ಹಾಗೆ ಉಳಿದ ಮಧ್ಯಾಹ್ನಗಳು ಈ ನಾಣ್ಯಗಳಿಗೆ ಸಲ್ಲುತ್ತವೆ. ಕಣ್ಣಿಗೆ ಸಿಕ್ಕಿಸುವ ಐಗ್ಲಾಸ್, ಚಿಮುಟ, ವರ್ನಿಯರ್, ಬಗ್ಗುವ ಕತ್ತಿನ ಟೇಬಲ್ ದೀಪ ಎಲ್ಲವೂ ಮೇಜಿನ ಮೇಲೆ ಇದ್ದವು. ಹೊಸದಾಗಿ ಶುರು ಮಾಡುವವರಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಮಿಲಿಮೀಟರ್ ಅಳೆಯುವ ಸಾಧನ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿ ಸಾಕು. ಮೊಬೈಲಿಗೆ ಸಿಕ್ಕಿಸುವ ದುಬಾರಿ ಮೈಕ್ರೋಸ್ಕೋಪ್ ಬೇಡ. ಅದರಲ್ಲಿ ಒಂದೊಂದು ಅಕ್ಷರ ಗುಡ್ಡದಷ್ಟು ಕಾಣುತ್ತದೆ, ಇಡೀ ಚಿತ್ರ ಮಾತ್ರ ಕೈಗೆ ಸಿಗುವುದಿಲ್ಲ.

ಮೊದಲು ದೂರುಗಳನ್ನು ಹೇಳಿ ಮುಗಿಸುತ್ತೇನೆ. ಇಪ್ಪತ್ತೂ ನಾಣ್ಯಗಳು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಮಣ್ಣಿನ ಸಮೇತ, ತೇವ ಆರದೆ ಬಂದವು. ಕಂಚಿಗೆ ಇದಕ್ಕಿಂತ ಕೆಟ್ಟ ಪ್ರಯಾಣ ಇನ್ನೊಂದಿಲ್ಲ. ಒಂದರ ಮೇಲೆ ಆಗಲೇ ತಿಳಿ ಹಸಿರು ಪುಡಿ ಎದ್ದಿತ್ತು, ಬೆರಳು ತಾಗಿಸಿದರೆ ಉದುರುತ್ತಿತ್ತು. ತಾಮ್ರದೊಳಗೆ ಸೇರಿಕೊಂಡ ಕ್ಲೋರೈಡಿಗೆ ತೇವ ಸಿಕ್ಕಾಗ ಹೀಗಾಗುತ್ತದೆ, ಬಿಟ್ಟರೆ ನಾಣ್ಯವನ್ನು ತಿಂದು ಗುಂಡಿ ಬೀಳಿಸುತ್ತದೆ. ಗಟ್ಟಿಯಾಗಿ, ನುಣುಪಾಗಿ ಕೂತ ಕಡು ಹಸಿರಿಗೂ ಈ ಪುಡಿಗೂ ಸಂಬಂಧವಿಲ್ಲ. ಗಟ್ಟಿ ಹಸಿರು ನಾಣ್ಯದ ಚರ್ಮ, ಅದನ್ನು ಕೆರೆಯಬಾರದು. ಪುಡಿ ಎದ್ದದ್ದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟೆ. ನಮ್ಮ ಊರಿನ ಮಳೆಗಾಲದಲ್ಲಿ ಇದನ್ನು ಮರೆತರೆ ಮೂಲೆಯ ನಾಣ್ಯವೂ ಹಾಳು, ಪಕ್ಕದ್ದೂ ಹಾಳು.

ಎರಡನೆಯ ದೂರು ನಕಲಿಯದು. ಒಂದು ನಾಣ್ಯದ ಅಂಚಿನ ಸುತ್ತ ಅರದ ಗೀರು ಕಾಣಿಸಿತು. ಅಚ್ಚಿನಡಿ ಇಟ್ಟು ಸುತ್ತಿಗೆಯಿಂದ ಹೊಡೆದ ನಾಣ್ಯದ ಅಂಚು ಬಿರಿದಿರಬಹುದು, ಓರೆಯಾಗಿರಬಹುದು, ಆದರೆ ಅದಕ್ಕೆ ಯಾರೂ ಅರ ಹಾಕುವುದಿಲ್ಲ. ಎರಕ ಹೊಯ್ದು ಮಾಡಿದ್ದಕ್ಕೆ ಮಾತ್ರ ಎರಡು ಅರ್ಧಗಳು ಕೂಡಿದ ಗೆರೆಯನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಐಗ್ಲಾಸಿನಲ್ಲಿ ನೋಡಿದರೆ ಮೈ ತುಂಬಾ ಸಣ್ಣ ಗಾಳಿಗುಳ್ಳೆಗಳು, ಅಕ್ಷರಗಳ ಮೂಲೆಗಳೆಲ್ಲ ಮೊಂಡು. ಫೋಟೊ ಕಳಿಸಿದೆ. ವ್ಯಾಪಾರಿ ವಾದ ಮಾಡಲಿಲ್ಲ, ಬದಲಿ ನಾಣ್ಯ ಕಳಿಸಿದರು. ಬಂದದ್ದು ಪೊಟ್ಟಣದಲ್ಲಿದ್ದ ಹಲವಕ್ಕಿಂತ ಚೆನ್ನಾಗಿತ್ತು. ಈ ಒಂದು ವಿಷಯಕ್ಕೆ ಅವರಿಗೆ ಪೂರ್ತಿ ಅಂಕ.

ಮೂರನೆಯದು ಚೀಟಿ. ಇಪ್ಪತ್ತಕ್ಕೂ ಸೇರಿಸಿ ಒಂದೇ ಚೀಟಿ: ‘ಕಾನ್‌ಸ್ಟಂಟೈನ್ ಚಕ್ರವರ್ತಿ, ಕ್ರಿ.ಶ. 3ನೇ ಶತಮಾನ’. ಕಾನ್‌ಸ್ಟಂಟೈನ್ ಪಟ್ಟಕ್ಕೆ ಬಂದದ್ದು 306ರಲ್ಲಿ, ತೀರಿಕೊಂಡದ್ದು 337ರಲ್ಲಿ. ಶತಮಾನವೇ ತಪ್ಪಾದ ಚೀಟಿಯಲ್ಲಿ ಚಕ್ರವರ್ತಿ ಸರಿಯಾಗಿರುತ್ತಾನೆಂದು ಯಾಕೆ ನಂಬಬೇಕು? ಪೊಟ್ಟಣದಲ್ಲಿದ್ದ ನಾಣ್ಯಗಳು ಸುಮಾರು 320ರಿಂದ 395ರ ಆಚೆಯವರೆಗೆ ಹರಡಿಕೊಂಡಿವೆ. ಅಷ್ಟರಲ್ಲಿ ಹತ್ತಾರು ಮಂದಿ ಸಿಂಹಾಸನ ಹತ್ತಿ ಇಳಿದಿದ್ದಾರೆ.

ತೊಳೆಯುವ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ನೀರು ಕಂದಿದಾಗಲೆಲ್ಲ ಬದಲಿಸಿ, ವಾರಗಟ್ಟಲೆ ಬಿಡಿ. ಗಡಿಯಾರದ ಕಲ್ಲಿನ ರಂಧ್ರ ಸ್ವಚ್ಛ ಮಾಡಲು ನಾವು ಚೂಪು ಮಾಡಿಕೊಳ್ಳುವ ಮರದ ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು. ನಿಮ್ಮಲ್ಲಿ ಬಿದಿರಿನ ಹಲ್ಲುಕಡ್ಡಿ ಇದ್ದರೂ ನಡೆಯುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತಿಕ್ಕುವ ಪುಡಿ ಮುಟ್ಟಲೇಬೇಡಿ. ದೇವರ ಮನೆಯ ದೀಪಕ್ಕೆ ಅವು ಸರಿ, ಇಲ್ಲಿ ಮಣ್ಣಿನ ಜೊತೆ ಹಸಿರು ಪದರವೂ, ಅದರಲ್ಲಿ ಉಳಿದಿದ್ದ ಚಿತ್ರವೂ ಹೋಗಿ ಕೆಂಪು ತಾಮ್ರದ ಬಿಲ್ಲೆ ಉಳಿಯುತ್ತದೆ.

ಇನ್ನು ಗುರುತು ಹಿಡಿಯುವುದು. ಪೊಟ್ಟಣಕ್ಕೆ ಹಣ ಕೊಡುವುದೇ ಇದಕ್ಕಾಗಿ. ಎಲ್ಲರೂ ಮೊದಲು ಮುಖ ನೋಡುತ್ತಾರೆ, ಯಾವ ರಾಜ ಎಂದು ಕೇಳುತ್ತಾರೆ. ಈ ಕಾಲದ ನಾಣ್ಯಗಳಲ್ಲಿ ಮುಖದಿಂದ ಹೊರಟರೆ ದಾರಿ ತಪ್ಪುವುದು ಖಚಿತ. ಶಿಲ್ಪಿಗಳು ಚಕ್ರವರ್ತಿಯ ಮೂಗು, ಗಲ್ಲ ನೋಡಿ ಕೆತ್ತುವ ಕಾಲ ಆಗಲೇ ಮುಗಿದಿತ್ತು. ಬಲಕ್ಕೆ ತಿರುಗಿದ, ತಲೆಗೆ ಪಟ್ಟಿ ಕಟ್ಟಿದ, ದೊಡ್ಡ ಕಣ್ಣಿನ ಯುವಕ: ಅಪ್ಪನೂ ಅವನೇ, ಮಕ್ಕಳೂ ಅವರೇ. ನಾಣ್ಯವನ್ನು ತಿರುವಿ ಹಾಕಿ. ಹಿಂಬದಿಯ ಚಿತ್ರಗಳು ಬೆರಳೆಣಿಕೆಯಷ್ಟೇ ಇವೆ. ಒಂದೊಂದು ಚಿತ್ರವೂ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂದು ಆಜ್ಞೆಯಂತೆ ಹಲವು ಟಂಕಸಾಲೆಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ನಡೆದು ಒಟ್ಟಿಗೆ ನಿಂತದ್ದು. ಚಿತ್ರ ಗೊತ್ತಾದರೆ ಕೆಲವು ವರ್ಷಗಳ ಅಂತರದಲ್ಲಿ ಕಾಲ ಸಿಕ್ಕಿತು. ಆ ವರ್ಷಗಳಲ್ಲಿ ಯಾರ ಯಾರ ಹೆಸರಿನಲ್ಲಿ ಅಚ್ಚಾಗುತ್ತಿತ್ತು ಎಂದು ನೋಡಿದರೆ ಮುಖಕ್ಕೆ ಮೂವರೋ ನಾಲ್ವರೋ ಉಳಿಯುತ್ತಾರೆ. ಆಮೇಲೆ ಮುಂಬದಿಯಲ್ಲಿ ನಾಲ್ಕು ಅಕ್ಷರ ಸಿಕ್ಕರೂ ಕೆಲಸ ಮುಗಿಯಿತು.

ನನ್ನ ಪೊಟ್ಟಣದಲ್ಲಿ ಹೆಚ್ಚಿಗೆ ಇದ್ದದ್ದು ಇಬ್ಬರು ಸೈನಿಕರ ನಾಣ್ಯ. ಈಟಿ ಹಿಡಿದು, ಗುರಾಣಿಗೆ ಕೈಯೂರಿ ಎದುರುಬದುರಾಗಿ ನಿಂತಿರುತ್ತಾರೆ. ಸುತ್ತ ‘ಗ್ಲೋರಿಯಾ ಎಕ್ಸೆರ್ಸಿಟಸ್’, ಅಂದರೆ ಸೇನೆಯ ಕೀರ್ತಿ ಎಂಬ ಬರಹ. ನೋಡಬೇಕಾದದ್ದು ಸೈನಿಕರನ್ನಲ್ಲ, ಅವರ ನಡುವೆ ನೆಟ್ಟ ಧ್ವಜಸ್ತಂಭವನ್ನು. ಎರಡು ಕಂಬಗಳಿದ್ದರೆ 330ರಿಂದ 335ರೊಳಗಿನದು. ಒಂದೇ ಕಂಬವಿದ್ದರೆ 335ರ ನಂತರದ್ದು, ಸುಮಾರು 340ರವರೆಗೆ. ತಕ್ಕಡಿಯಲ್ಲಿ ಇಟ್ಟರೆ ಇದರ ಒಳಗುಟ್ಟು ತಿಳಿಯುತ್ತದೆ: ಎರಡು ಕಂಬದ ನಾಣ್ಯ ಸುಮಾರು ಎರಡೂವರೆ ಗ್ರಾಂ, 17 ಅಥವಾ 18 ಮಿ.ಮೀ. ಒಂದು ಕಂಬದ್ದು ಒಂದೂವರೆ ಗ್ರಾಮಿನ ಆಸುಪಾಸು, 15 ಅಥವಾ 16 ಮಿ.ಮೀ. ನಾಣ್ಯದ ತೂಕ ಇಳಿಸಿದಾಗ ಕಂಬವನ್ನೂ ಇಳಿಸಿದರು. ಚಿತ್ರ ಪೂರ್ತಿ ಸವೆದಿದ್ದರೂ ವರ್ನಿಯರ್ ಮತ್ತು ತಕ್ಕಡಿ ಸೇರಿ ಅರ್ಧ ಸಾಕ್ಷಿ ಹೇಳುತ್ತವೆ. ಇದು ನನಗೆ ತುಂಬಾ ಹಿಡಿಸಿತು. ಯಂತ್ರ ಬಿಚ್ಚದೆಯೇ ತೂಕದಲ್ಲೇ ಒಳಗೇನಾಗಿದೆ ಎಂದು ಊಹಿಸುವುದು ನಮ್ಮ ಕಸುಬಿನವರಿಗೆ ಅಭ್ಯಾಸ.

ಅದೇ ಕಾಲದ ಇನ್ನೆರಡು ನಾಣ್ಯಗಳಲ್ಲಿ ಚಕ್ರವರ್ತಿಯೇ ಇಲ್ಲ. ಒಂದರ ಮುಂಬದಿಯಲ್ಲಿ ಶಿರಸ್ತ್ರಾಣ ಧರಿಸಿದ ರೋಮ್ ನಗರದೇವತೆ, ಬೆನ್ನಿನಲ್ಲಿ ಅವಳಿ ಮಕ್ಕಳಿಗೆ ಹಾಲೂಡುವ ಹೆಣ್ಣು ತೋಳ, ಮೇಲೆ ಎರಡು ನಕ್ಷತ್ರ. ಇನ್ನೊಂದರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದೇವತೆ, ಬೆನ್ನಿನಲ್ಲಿ ಹಡಗಿನ ಮೂತಿಯ ಮೇಲೆ ಕಾಲಿಟ್ಟ ವಿಜಯದೇವತೆ. 330ರ ಮೇ 11ರಂದು ಹೊಸ ರಾಜಧಾನಿಯ ಪ್ರತಿಷ್ಠಾಪನೆಯಾಯಿತು. ಹಳೆಯ ಊರಿಗೂ ಹೊಸ ಊರಿಗೂ ಸಮಾನ ಗೌರವ ಎನ್ನಲು ಈ ಜೋಡಿ. ಚೀಟಿ ಬರೆದವರು ಎರಡನೆಯದರ ಮೇಲಿನ ಮೊದಲ ಎಂಟು ಅಕ್ಷರ ಓದಿ ಕಾನ್‌ಸ್ಟಂಟೈನ್ ಎಂದು ತೀರ್ಮಾನಿಸಿರಬೇಕು.

ಹೆಸರಿನ ಬಲೆ ಇದೊಂದೇ ಅಲ್ಲ. ಅಪ್ಪ ಕಾನ್‌ಸ್ಟಂಟೈನ್ ತನ್ನ ಗಂಡುಮಕ್ಕಳಲ್ಲಿ ಮೂವರಿಗೆ ಇಟ್ಟ ಹೆಸರುಗಳು ಕಾನ್‌ಸ್ಟಂಟೈನ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್. ಅಂಚು ಸವೆದ ನಾಣ್ಯದಲ್ಲಿ ಮೊದಲ ಏಳು ಅಕ್ಷರ ಮಾತ್ರ ಉಳಿದಿದ್ದರೆ ಇಡೀ ಮನೆತನವೇ ಎದುರು ನಿಲ್ಲುತ್ತದೆ. ನೋಡಬೇಕಾದದ್ದು ಹೆಸರಿನ ಬಾಲ. ‘ಮ್ಯಾಕ್ಸ್’ ಮತ್ತು ‘ಆಗ್’ ಎಂದಿದ್ದರೆ ಅಪ್ಪ. ‘ಯೂನ್’ ಎಂದಿದ್ದರೆ ಅದೇ ಹೆಸರಿನ ಮಗ. ಕೊನೆಗೆ ‘ನೋಬ್ ಸಿ’ ಎಂದಿದ್ದರೆ ಇನ್ನೂ ಪಟ್ಟವೇರದ ಯುವರಾಜ, ಅವರ ಮಾತಿನಲ್ಲಿ ಸೀಸರ್. ತಲೆಯ ಮೇಲಿನದೂ ಸಹಾಯಕ್ಕೆ ಬರುತ್ತದೆ. 330ರ ದಶಕದಲ್ಲಿ ಮುತ್ತಿನ ಅಥವಾ ಹೂಬಿಲ್ಲೆಯ ಪಟ್ಟಿ ಸಾಮಾನ್ಯವಾಗಿ ಚಕ್ರವರ್ತಿಗೆ, ಎಲೆಯ ಕಿರೀಟ ಸೀಸರನಿಗೆ. 350ರ ದಶಕಕ್ಕೆ ಬಂದರೆ ಸೀಸರರು ಬರಿತಲೆ.

ಈ ಬರಿತಲೆಯಿಂದಲೇ ಪೊಟ್ಟಣದ ಒಳ್ಳೆಯ ನಾಣ್ಯ ಹೊರಬಿತ್ತು. ಬೆನ್ನಿನಲ್ಲಿ ಕುದುರೆ ಸಮೇತ ಕುಸಿದ ಸವಾರ, ಅವನಿಗೆ ಈಟಿ ಹಾಕುತ್ತಿರುವ ಸೈನಿಕ, ಸವಾರ ಹಿಂದಕ್ಕೆ ತಿರುಗಿ ಕೈ ಚಾಚಿ ಬೇಡುತ್ತಿದ್ದಾನೆ. ‘ಫೆಲ್ ಟೆಂಪ್ ರೆಪರಾಶಿಯೋ’, ಸುಖದ ದಿನಗಳು ಮರಳಿದವು ಎಂಬ ಘೋಷಣೆ. ಸರಣಿ ಶುರುವಾದದ್ದು 348ರಲ್ಲಿ, ರೋಮ್ ನಗರ ಹುಟ್ಟಿ ಸಾವಿರದ ನೂರು ವರ್ಷವಾದ ಸುಮಾರಿಗೆ. ಮರಳಿದ ಸುಖ ಎಷ್ಟು ದಿನ ಉಳಿಯಿತು ಎಂಬುದಕ್ಕೆ ನಾಣ್ಯವೇ ಸಾಕ್ಷಿ: ಶುರುವಿನವು 20 ಮಿ.ಮೀ. ದಾಟುತ್ತವೆ, ಹತ್ತು ವರ್ಷ ಕಳೆಯುವುದರೊಳಗೆ ಅದೇ ಚಿತ್ರ 16, 17 ಮಿ.ಮೀ.ಗೆ ಇಳಿದಿದೆ. ಇವುಗಳಲ್ಲಿ ಬಹುಪಾಲು ಮಗ ಕಾನ್‌ಸ್ಟಾಂಟಿಯಸ್, ಅಂದರೆ ಎರಡನೇ ಕಾನ್‌ಸ್ಟಾಂಟಿಯಸನವು, ಮುತ್ತಿನ ಪಟ್ಟಿಯವು. ನನಗೆ ಸಿಕ್ಕದ್ದರಲ್ಲಿ ಪಟ್ಟಿಯಿಲ್ಲ, ಕೂದಲು ಬಾಚಿದ ಬರಿತಲೆ. ಹೆಸರು ಮತ್ತೆ ಕಾನ್‌ಸ್ಟಾಂಟಿಯಸ್ ಎಂದೇ ಇದೆ, ಆದರೆ ಕೊನೆಗೆ ಸೀಸರ್. ಅಂದರೆ ಚಕ್ರವರ್ತಿಯ ಸಂಬಂಧಿ ಕಾನ್‌ಸ್ಟಾಂಟಿಯಸ್ ಗ್ಯಾಲಸ್. 351ರಲ್ಲಿ ಸೀಸರನಾದ, 354ರಲ್ಲಿ ಚಕ್ರವರ್ತಿಯ ಆಜ್ಞೆಯಿಂದಲೇ ತಲೆ ಕಳೆದುಕೊಂಡ. ಚೀಟಿಯ ಪ್ರಕಾರ ಇವನೂ ಕಾನ್‌ಸ್ಟಂಟೈನ್.

ಅಕ್ಷರ ಓದುವ ಕೆಲಸದಲ್ಲಿ ನನ್ನ ಮೊಮ್ಮಗಳು ನನಗಿಂತ ಮುಂದು. ಕಾಲೇಜು ಮುಗಿಸಿ ಬರುವಾಗ ಅಂಗಡಿಗೆ ಬಂದು ಕೂರುತ್ತಾಳೆ. ದೀಪವನ್ನು ನೇರವಾಗಿ ಮೇಲಿನಿಂದ ಬಿಡಬಾರದು, ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬಿಟ್ಟು ನಾಣ್ಯವನ್ನು ನಿಧಾನ ತಿರುಗಿಸಬೇಕು ಎಂಬುದನ್ನು ಹೇಳಿಕೊಟ್ಟದ್ದು ನಾನು. ಹಾಗೆ ತಿರುಗಿಸುವಾಗ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿದರೆ ಹಸಿರು ಕಲೆಗಳ ಗಲಾಟೆ ಅಡಗಿ ಅಕ್ಷರದ ನೆರಳು ಮಾತ್ರ ಉಳಿಯುತ್ತದೆ ಎಂಬುದನ್ನು ಕಂಡುಹಿಡಿದದ್ದು ಅವಳು. ಎರಡು ಗೋಪುರದ ಬಾಗಿಲಿನ ನಾಣ್ಯ ಕೈಗೆ ಬಂದ ದಿನ “ಅಜ್ಜ, ಇದು ದುರ್ಗದ ಕೋಟೆ” ಎಂದು ನಕ್ಕಳು. ಕಲ್ಲುಗಳ ಸಾಲು, ಮೇಲೆ ನಡುವೆ ಒಂದು ನಕ್ಷತ್ರ. 324ರಿಂದ 330ರ ನಡುವೆ ಓಡಿದ, ‘ಪ್ರಾವಿಡೆಂಶಿಯೇ’ ಎಂದು ಶುರುವಾಗುವ ದಂಡಿನ ಬಾಗಿಲು ಅದು. ಓದುವಾಗ ಎರಡು ವಿಷಯ ನೆನಪಿರಲಿ: ‘ಯು’ ಬರೆಯುವಲ್ಲೆಲ್ಲ ಅವರು ‘ವಿ’ ಬರೆಯುತ್ತಾರೆ, ‘ಎ’ ಅಕ್ಷರಕ್ಕೆ ಅನೇಕ ಸಲ ಅಡ್ಡಗೆರೆ ಇರುವುದಿಲ್ಲ.

ಚಿತ್ರದ ಕೆಳಗೆ ಒಂದು ಅಡ್ಡಗೆರೆ, ಅದರ ಕೆಳಗೆ ಮೂರೋ ನಾಲ್ಕೋ ಅಕ್ಷರ. ಟಂಕಸಾಲೆಯ ಗುರುತು ಇಲ್ಲಿದೆ. ‘ಎಸ್‌ಎಂ’ ಎಂದರೆ ಸಾಕ್ರಾ ಮೊನೆಟಾ, ಪವಿತ್ರ ನಾಣ್ಯ. ಅದರ ನಂತರ ‘ಎನ್’ ಇದ್ದರೆ ನಿಕೊಮೀಡಿಯ, ‘ಕೆ’ ಇದ್ದರೆ ಸಿಜಿಕಸ್, ‘ಎಎನ್’ ಇದ್ದರೆ ಅಂಟಿಯೋಕ್, ಮೂರೂ ಇಂದಿನ ಟರ್ಕಿಯಲ್ಲಿವೆ. ‘ಸಿಸ್’ ಎಂದರೆ ಇಂದಿನ ಕ್ರೊಯೇಷಿಯದ ಸಿಸಾಕ್, ‘ಟಿಆರ್’ ಎಂದರೆ ಜರ್ಮನಿಯ ಟ್ರಿಯರ್. ಉಳಿದ ಒಂದು ಅಕ್ಷರ ಆ ಟಂಕಸಾಲೆಯೊಳಗಿನ ಯಾವ ಕಾರ್ಯಾಗಾರ ಎಂದು ಹೇಳುತ್ತದೆ. ಪೂರ್ವದವರು ಗ್ರೀಕಿನ ಆಲ್ಫಾ, ಬೀಟಾ, ಗಾಮಾ ಹಾಕಿದರು. ಪಶ್ಚಿಮದ ಅನೇಕರು ಲ್ಯಾಟಿನಿನ ಮೊದಲನೆಯ, ಎರಡನೆಯ, ಮೂರನೆಯ ಎಂಬುದರ ಮೊದಲಕ್ಷರಗಳಾದ ಪಿ, ಎಸ್, ಟಿ ಹಾಕಿದರು. ಒಂದು ಸೂಕ್ಷ್ಮವಿದೆ: ‘ಕಾನ್ಸ್’ ಎಂದಿದ್ದು ಕಾರ್ಯಾಗಾರದ ಅಕ್ಷರ ಅದರ ನಂತರ ಬಂದರೆ ಕಾನ್‌ಸ್ಟಾಂಟಿನೋಪಲ್. ಅಕ್ಷರ ಮೊದಲು ಬಂದು ಆಮೇಲೆ ‘ಕಾನ್ಸ್ಟ್’ ಎಂದಿದ್ದರೆ ಅದು ಫ್ರಾನ್ಸಿನ ಆರ್ಲ್ ಪಟ್ಟಣ. ಅದಕ್ಕೂ ಚಕ್ರವರ್ತಿಯ ಮನೆತನದ ಹೆಸರು ಇಟ್ಟಿದ್ದರು. ಈ ಒಂದು ಅಕ್ಷರದ ಜಾಗ ತಪ್ಪಿದರೆ ನಾಣ್ಯ ಯುರೋಪಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರುತ್ತದೆ.

364ರ ನಂತರದ ವಾಲೆಂಟಿನಿಯನ್, ವಾಲೆನ್ಸ್ ಸಹೋದರರವು ಸುಲಭ. ಹಾರ ಹಿಡಿದು ಎಡಕ್ಕೆ ನಡೆಯುವ ವಿಜಯದೇವತೆ ಒಂದು, ಕೈದಿಯನ್ನು ಕೂದಲು ಹಿಡಿದು ಎಳೆದೊಯ್ಯುವ ಚಕ್ರವರ್ತಿ ಇನ್ನೊಂದು. ಅದಕ್ಕೂ ಮೊದಲಿನ ಒಂದು ನಾಣ್ಯದಲ್ಲಿ ಹಾರದೊಳಗೆ ಬರೀ ಅಕ್ಷರ ಮತ್ತು ರೋಮನ್ ಅಂಕಿಗಳು: ಚಕ್ರವರ್ತಿಯ ಆಳ್ವಿಕೆಗೆ ಹೊತ್ತ ಇಪ್ಪತ್ತು ವರ್ಷದ ಹರಕೆ ತೀರಿತು, ಮೂವತ್ತಕ್ಕೆ ಹೊಸ ಹರಕೆ. ಅಂಕಿಗಳನ್ನು ದಿನವೂ ಗಡಿಯಾರದ ಮುಖದಲ್ಲಿ ನೋಡುವವನಿಗೆ ಇದು ಓದದೆಯೇ ಓದಿಸಿಕೊಂಡಿತು. ಕೊನೆಗೆ ಉಳಿದವು ಥಿಯೊಡೋಸಿಯಸ್ ಚಕ್ರವರ್ತಿಯ ಕಾಲದ ಚಿಲ್ಲರೆ, 12 ಅಥವಾ 13 ಮಿ.ಮೀ., ತೂಕ ಒಂದು ಗ್ರಾಮಿನ ಸುತ್ತಮುತ್ತ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಹೆಸರು ಅಂಚಿನಾಚೆಗೆ ಬಿದ್ದುಹೋಗಿದೆ. ಕೈದಿಯನ್ನು ಎಳೆಯುವ ವಿಜಯದೇವತೆ ಕಂಡರೆ ‘ಸಾಲಸ್ ರೈಪಬ್ಲಿಸೇ’, 388ರ ನಂತರದ್ದು ಎಂದು ಬರೆದು ಮುಂದಕ್ಕೆ ಹೋಗುವುದೇ ಜಾಣತನ. ಅವನ ಮಕ್ಕಳಲ್ಲಿ ಅರ್ಕೇಡಿಯಸನೋ ಹೊನೋರಿಯಸನೋ ಎಂದು ಕಣ್ಣು ಕೆಡಿಸಿಕೊಳ್ಳಬೇಡಿ. ಓದಿದ್ದನ್ನು ಹೋಲಿಸಿ ನೋಡಲು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಓಕ್ರೆ’ ಎಂಬ ಉಚಿತ ಕೋಶ ಅಂತರ್ಜಾಲದಲ್ಲಿದೆ. ಟಂಕಸಾಲೆ ಮತ್ತು ಕೆಲವು ಅಕ್ಷರ ಕೊಟ್ಟರೆ ಚಿತ್ರಗಳ ಸಮೇತ ಮುಂದಿಡುತ್ತದೆ. ಮೊಬೈಲಿನಲ್ಲಿ ಫೋಟೊ ಹಾಕಿದರೆ ಹೆಸರು ಹೇಳುವ ಆ್ಯಪುಗಳು ಇಂಥ ಸವೆದ ಕಂಚಿನ ಮುಂದೆ ಬರೀ ಭಂಡ ಧೈರ್ಯದವು.

ಅಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಚಂದ್ರವಳ್ಳಿಯಲ್ಲಿ ಸಿಕ್ಕಿದ್ದೇ? ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿರುವುದು ನಿಜ. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಮೊದಲು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ಆದರೆ ಅವು ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿಯ ದಿನಾರಿಯಸ್‌ಗಳು, ಈ ಕಂಚಿಗಿಂತ ಮುನ್ನೂರು ವರ್ಷ ಹಿಂದಿನವು, ಶಾತವಾಹನರ ಸೀಸದ ನಾಣ್ಯಗಳ ಜೊತೆಯವು. 4ನೇ ಶತಮಾನದ ಸಣ್ಣ ಕಂಚು ಹೆಚ್ಚಾಗಿ ಸಿಗುವುದು ತಮಿಳುನಾಡಿನ ಕರೂರು, ಮಧುರೈ ಕಡೆ ಮತ್ತು ಶ್ರೀಲಂಕಾದಲ್ಲಿ. ಪೊಟ್ಟಣದವು ವಿದೇಶದಿಂದ ಬಂದವು ಎಂದು ವ್ಯಾಪಾರಿ ರಸೀದಿಯಲ್ಲೇ ಬರೆದುಕೊಟ್ಟಿದ್ದಾರೆ. ರಸೀದಿ ಕೇಳಿ ಪಡೆಯಿರಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಮಾರುವವರಿಗೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. “ಹೊಲದಲ್ಲಿ ಸಿಕ್ಕಿದೆ, ಕಡಿಮೆಗೆ ಕೊಡುತ್ತೇನೆ” ಎಂದು ಬರುವವರನ್ನು ನಾನು ಮೆಟ್ಟಿಲು ಹತ್ತಲು ಬಿಡುವುದಿಲ್ಲ. ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಒಟ್ಟು ಲೆಕ್ಕ: ಮೂರರಲ್ಲಿ ಎರಡು ಪಾಲು ನಾಣ್ಯಗಳಿಗೆ ಚಿತ್ರ ಮತ್ತು ಕಾಲ ಹೇಳಲಾಯಿತು, ಅದರಲ್ಲಿ ಅರ್ಧಕ್ಕೆ ಚಕ್ರವರ್ತಿ ಮತ್ತು ಟಂಕಸಾಲೆಯೂ ಸಿಕ್ಕಿತು. ಉಳಿದವು ನುಣುಪು ಬಿಲ್ಲೆಗಳು. ಈ ಬೆಲೆಗೆ ಇದು ಸರಿಯಾದ ಫಲ. ಪ್ಯಾಕಿಂಗಿಗೆ ಒಂದು ಅಂಕ, ಚೀಟಿಗೆ ಸೊನ್ನೆ, ಬದಲಿ ಕೊಟ್ಟ ರೀತಿಗೆ ಐದು, ಸರಕಿಗೆ ಮೂರೂವರೆ. ಮಕ್ಕಳಿಗೆ ಉಡುಗೊರೆ ಕೊಡಲು ನೋಡುತ್ತಿದ್ದರೆ ಈ ಪೊಟ್ಟಣ ಬೇಡ, ವಾರಗಟ್ಟಲೆ ನೀರಿನಲ್ಲಿ ಮಲಗಿದ ಉಡುಗೊರೆ ಯಾವ ಮಗುವಿಗೂ ರುಚಿಸುವುದಿಲ್ಲ. ಗುರುತಿಸಿ, ಸ್ವಚ್ಛ ಮಾಡಿದ ತೋಳದ ನಾಣ್ಯ ಒಂದನ್ನೇ ಬಿಡಿಯಾಗಿ ಕೊಳ್ಳಿ. ತಲಾ ಬೆಲೆ ಹೆಚ್ಚು ಬೀಳುತ್ತದೆ, ಆದರೆ ಕೈಗೆ ಬಂದ ದಿನವೇ ಏನೆಂದು ತೋರಿಸಬಹುದು.